ಸಹಿ ಹಾಕಿದ್ದೇವೆ ನಿಜ, ಒಪ್ಪಿದ್ದು ಯಾವಾಗ?

ದ್ವಿತೀಯ ಪಿಯುಸಿ ಫಲಿತಾಂಶ ಬಂದ ಮರುದಿನದಿಂದ ಮನೆಗೆ ಬರುವ ಕರೆಗಳ ಅನುಭವ ಈ ಪುಟ ಓದುವ ಬಹಳಷ್ಟು ಜನರಿಗೆ ಇರುತ್ತದೆ. 'ನಿಮ್ಮ ಮಗಳಿಗೆ ಕಾಮರ್ಸ್‌ನಲ್ಲಿ ಒಳ್ಳೆ ಪರ್ಸೆಂಟ್ ಬಂದಿದೆಯಲ್ಲ ಸರ್, ಬಿಬಿಎ ಸೇರಿಸ್ತೀರಾ, ಬಿ.ಕಾಂ ಸೇರಿಸ್ತೀರಾ?' ಎಂದು ನಾವು ಹೆಸರನ್ನೇ ಕೇಳಿರದ ಕಾಲೇಜಿನವರು ವಿಚಾರಿಸುತ್ತಾರೆ. ಸೋದರತ್ತೆಗೆ ಇನ್ನೂ ಹೇಳಿರದ ಅಂಕ ಅವರಿಗೆ ಗೊತ್ತಿರುತ್ತದೆ. ನಂಬರ್ ಎಲ್ಲಿ ಸಿಕ್ಕಿತು ಎಂದು ನಮ್ಮಪ್ಪ ಕೇಳಿದರೆ 'ಡೇಟಾಬೇಸ್‌ನಲ್ಲಿತ್ತು ಸರ್' ಎಂಬ ಉತ್ತರ. ಯಾವ ಡೇಟಾಬೇಸ್ ಎನ್ನುವಷ್ಟರಲ್ಲಿ ಫೋನ್ ಕಟ್.

ಅಪ್ಪ ಅದನ್ನು ಅಲ್ಲಿಗೇ ಮರೆತರು. ನಾನು ಮಾತ್ರ ಈಗ ಎಂ.ಕಾಂ ಕೊನೆಯ ವರ್ಷಕ್ಕೆ ಬರುವ ಹೊತ್ತಿಗೆ ಎಲ್ಲೆಲ್ಲಿ ಏನೇನು ಬರೆದುಕೊಟ್ಟಿದ್ದೇನೆ ಎಂದು ಒಮ್ಮೆ ಲೆಕ್ಕ ಹಾಕಿದೆ. ಶಾಲೆಯಲ್ಲಿ ಸ್ಯಾಟ್ಸ್ ಸಂಖ್ಯೆ, ಆಧಾರ್, ಜಾತಿ-ಆದಾಯ ಪ್ರಮಾಣಪತ್ರದ ಆರ್‌ಡಿ ನಂಬರ್, ಪಾಸ್‌ಬುಕ್ ಜೆರಾಕ್ಸ್. ವಿದ್ಯಾರ್ಥಿವೇತನಕ್ಕೆ ಎಸ್‌ಎಸ್‌ಪಿ ಪೋರ್ಟಲ್. ಡಿಗ್ರಿಗೆ ಬಂದರೆ ಯುಯುಸಿಎಂಎಸ್. ಹಾಸ್ಟೆಲ್‌ನಲ್ಲಿ ಬೆರಳಚ್ಚು. ಗ್ರಂಥಾಲಯದಲ್ಲಿ ಬಾರ್‌ಕೋಡ್. ಇದರ ಮೇಲೆ ಈಗಿನ ಮಕ್ಕಳಿಗೆ 12 ಅಂಕಿಯ 'ಅಪಾರ್' ಐಡಿ. ಇವೆಲ್ಲ ಬೇಡ ಎಂದು ನಾನು ಹೇಳುವುದಿಲ್ಲ. ವಿದ್ಯಾರ್ಥಿವೇತನ ಯಾರ ಕೈಗೂ ಸಿಗದೆ ನೇರವಾಗಿ ಖಾತೆಗೆ ಬೀಳುವುದು ಇಂಥ ವ್ಯವಸ್ಥೆಯಿಂದಲೇ. ನನ್ನನ್ನು ಕಾಡಿದ್ದು ಪ್ರತಿ ಅರ್ಜಿಯ ಕೊನೆಯಲ್ಲಿ ಸಣ್ಣಕ್ಷರದಲ್ಲಿರುವ ಒಂದು ಸಾಲು: 'ಮೇಲಿನ ಮಾಹಿತಿ ಬಳಸಲು ನನ್ನ ಒಪ್ಪಿಗೆ ಇದೆ.' ಕೌಂಟರ್ ಮುಂದೆ ಐವತ್ತು ಜನ ನಿಂತಿರುವಾಗ, ಹಾಲ್ ಟಿಕೆಟ್ ಒಳಗಿನ ಟೇಬಲ್ ಮೇಲಿರುವಾಗ, ಆ ಸಾಲಿನ ಕೆಳಗೆ ಸಹಿ ಹಾಕುವುದಿಲ್ಲ ಎಂದವರನ್ನು ನಾನಂತೂ ನೋಡಿಲ್ಲ.

ಅಪಾರ್ ವಿಚಾರವನ್ನೇ ತೆಗೆದುಕೊಳ್ಳಿ. ಅದು ಕಡ್ಡಾಯವಲ್ಲ, ಪೋಷಕರ ಲಿಖಿತ ಒಪ್ಪಿಗೆ ಬೇಕು, ಕೊಟ್ಟ ಒಪ್ಪಿಗೆಯನ್ನು ಹಿಂಪಡೆಯಲೂಬಹುದು ಎಂದು ಕಾಗದದಲ್ಲಿದೆ. ಇನ್ನೊಂದು ಕಡೆ ಎಲ್ಲ ಮಕ್ಕಳ ಐಡಿ ಆಗಲೇಬೇಕೆಂದು ಶಾಲೆಗಳಿಗೆ ಗುರಿ. 2024ರ ಡಿಸೆಂಬರ್‌ನಲ್ಲಿ ಇದಕ್ಕಾಗಿಯೇ ದೇಶದಾದ್ಯಂತ 'ಮೆಗಾ ಅಪಾರ್ ದಿವಸ್' ನಡೆಯಿತು. ನೂರಕ್ಕೆ ನೂರು ಗುರಿ ಇಟ್ಟುಕೊಂಡ ಕೆಲಸದಲ್ಲಿ 'ಬೇಡ' ಎನ್ನುವ ಪೋಷಕರಿಗೆ ಜಾಗವೆಲ್ಲಿ? ಮುಖ್ಯಶಿಕ್ಷಕರಿಗೆ ಮೇಲಿನಿಂದ ಒತ್ತಡ, ಅವರಿಂದ ತರಗತಿ ಶಿಕ್ಷಕರಿಗೆ, ಅವರಿಂದ ಮಗುವಿಗೆ, ಮಗುವಿನಿಂದ ಅಮ್ಮನಿಗೆ. 'ನಾಳೆ ಸೈನ್ ಹಾಕಿಸ್ಕೊಂಡು ಬರ್ಲಿಲ್ಲ ಅಂದ್ರೆ ಮಿಸ್ ಬೈತಾರಮ್ಮ' ಎಂದು ಮಗು ಅತ್ತರೆ ಯಾವ ತಾಯಿ ನಿಯಮಾವಳಿ ಓದುತ್ತಾ ಕೂರುತ್ತಾಳೆ?

ಈ ಪ್ರಶ್ನೆಯನ್ನು ಒಂದು ದೇಶ ನೇರವಾಗಿ ಎದುರಿಸಿದೆ. ಸ್ವೀಡನ್‌ನ ಉತ್ತರ ಭಾಗದಲ್ಲಿ ಶೆಲೆಫ್ಟಿಯೋ ಎಂಬ ಊರಿದೆ. ಅಲ್ಲಿನ ಒಂದು ಪ್ರೌಢಶಾಲೆಯಲ್ಲಿ 2018ರಲ್ಲಿ ಕೆಲವು ವಾರ ಮುಖ ಗುರುತಿಸುವ ಕ್ಯಾಮೆರಾದಿಂದ ಹಾಜರಾತಿ ತೆಗೆದುಕೊಂಡು ನೋಡಿದರು. ಪ್ರಯೋಗದಲ್ಲಿದ್ದವರು ಕೇವಲ 22 ವಿದ್ಯಾರ್ಥಿಗಳು. ಹೆಸರು ಕೂಗಲು ಹಾಳಾಗುವ ಸಮಯ ಉಳಿಯುತ್ತದೆ ಎಂಬುದು ಶಾಲೆಯ ವಾದ. ಪೋಷಕರ ಒಪ್ಪಿಗೆಯನ್ನೂ ಪಡೆದಿದ್ದರು. ಹಾಗಿದ್ದೂ 2019ರ ಆಗಸ್ಟ್‌ನಲ್ಲಿ ಆ ದೇಶದ ದತ್ತಾಂಶ ರಕ್ಷಣಾ ಪ್ರಾಧಿಕಾರ 2 ಲಕ್ಷ ಕ್ರೋನಾ ದಂಡ ಹಾಕಿತು. ಅದು ಕೊಟ್ಟ ಕಾರಣ ನಮಗೆ ಬಹಳ ಮುಖ್ಯ. ವಿದ್ಯಾರ್ಥಿ ಶಾಲೆಯನ್ನು ಅವಲಂಬಿಸಿರುವವನು, ಶಾಲೆಯ ಕೈ ಯಾವಾಗಲೂ ಮೇಲಿರುತ್ತದೆ, ಆದ್ದರಿಂದ ಅಂಥ ಕಡೆ ಕೊಟ್ಟ ಒಪ್ಪಿಗೆಯನ್ನು ಸ್ವಂತ ಇಚ್ಛೆಯದು ಎಂದು ಒಪ್ಪಲಾಗದು. ಜತೆಗೆ, ಹಾಜರಾತಿ ಹಾಕಲು ಇದಕ್ಕಿಂತ ಕಡಿಮೆ ಹಾನಿಯ ದಾರಿಗಳಿವೆ. ಹೆಸರು ಕೂಗಿದರೆ 'ಎಸ್ ಮಿಸ್' ಎನ್ನುವುದೂ ಅದರಲ್ಲಿ ಒಂದು ಎಂದು ನನಗೆ ಓದುವಾಗ ನಗು ಬಂತು.

ನಮ್ಮ ರಾಜ್ಯದಲ್ಲೂ ಸರ್ಕಾರಿ ಮತ್ತು ಅನುದಾನಿತ ಶಾಲೆಗಳಿಗೆ ಮುಖ ಗುರುತಿಸುವ ಹಾಜರಾತಿ ತರುವ ಯೋಜನೆ 2025ರಲ್ಲಿ ಸುದ್ದಿಯಾಯಿತು. ಹಾಜರಾತಿಯಲ್ಲಿ ಸುಳ್ಳು ಲೆಕ್ಕ ನಿಲ್ಲುತ್ತದೆ, ಬಿಸಿಯೂಟದಂಥ ಯೋಜನೆಗಳ ಸೋರಿಕೆ ತಪ್ಪುತ್ತದೆ ಎಂಬುದು ಇದರ ಪರವಾದ ವಾದ. ಕೆಲವು ಪೋಷಕರು, ಶಿಕ್ಷಣ ತಜ್ಞರು ವಿರೋಧಿಸಿದರು. ಸೋರಿಕೆ ಆಗುವುದೇ ಇಲ್ಲ ಎಂದು ನಾನು ವಾದಿಸಲಾರೆ, ಹಳ್ಳಿ ಶಾಲೆಯಲ್ಲೇ ಓದಿದವಳು. ಆದರೆ ಇಲ್ಲದ ಮಕ್ಕಳ ಹೆಸರು ಬರೆದು ಅಕ್ಕಿ ಲೆಕ್ಕ ತೋರಿಸುವವರು ಮಕ್ಕಳಲ್ಲ. ಪುಸ್ತಕ ತಿದ್ದುವುದು ದೊಡ್ಡವರು, ಅದಕ್ಕೆ ಪ್ರತಿದಿನ ಕ್ಯಾಮೆರಾ ಎದುರು ನಿಲ್ಲಬೇಕಾದದ್ದು ಎರಡನೇ ತರಗತಿಯ ಮಗು. ಪಾಸ್‌ವರ್ಡ್ ಸೋರಿದರೆ ಬದಲಿಸಬಹುದು, ಮುಖ ಬದಲಿಸುವುದು ಹೇಗೆ?

ಸೋರುತ್ತದೆಯೇ ಎಂದು ಕೇಳಬಹುದು. ಪಠ್ಯಪುಸ್ತಕದ ಮೂಲೆಯಲ್ಲಿ ಕ್ಯೂಆರ್ ಕೋಡ್ ಇರುತ್ತದಲ್ಲ, ಅದನ್ನು ಸ್ಕ್ಯಾನ್ ಮಾಡಿದರೆ ತೆರೆದುಕೊಳ್ಳುವ ಕೇಂದ್ರ ಸರ್ಕಾರದ 'ದೀಕ್ಷಾ' ಆ್ಯಪ್‌ನ ದತ್ತಾಂಶ ಒಂದು ವರ್ಷಕ್ಕೂ ಹೆಚ್ಚು ಕಾಲ ಬೀಗವಿಲ್ಲದ ಕ್ಲೌಡ್ ಸರ್ವರ್‌ನಲ್ಲಿ ಬಿದ್ದಿತ್ತು ಎಂದು 2023ರ ಜನವರಿಯಲ್ಲಿ ವರದಿಯಾಯಿತು. ಹತ್ತು ಲಕ್ಷಕ್ಕೂ ಹೆಚ್ಚು ಶಿಕ್ಷಕರ, ಸುಮಾರು ಆರು ಲಕ್ಷ ವಿದ್ಯಾರ್ಥಿಗಳ ವಿವರ ಅದರಲ್ಲಿತ್ತು. ಲಾಕ್‌ಡೌನ್ ಸಮಯದಲ್ಲಿ ಬೇರೆ ದಾರಿಯೇ ಇಲ್ಲದೆ ಬಳಸಿದ ಆ್ಯಪ್ ಅದು.

ಇನ್ನು ನಮ್ಮ ಕಾಲೇಜಿನ ಕಥೆ. ಇಲ್ಲಿ ಸೋರಿಕೆಯ ಮಾತಲ್ಲ, ಎಲ್ಲವೂ ನಿಯಮದ ಪ್ರಕಾರವೇ ನಡೆದದ್ದು. ಡಿಗ್ರಿಯಲ್ಲಿ ನನ್ನ ಜತೆಗಿದ್ದ ಗೆಳತಿಯೊಬ್ಬಳು ಇಪ್ಪತ್ತೆರಡು ಕಿಲೋಮೀಟರ್ ದೂರದ ಹಳ್ಳಿಯಿಂದ ಬರುತ್ತಿದ್ದಳು. ಬೆಳಗಿನ ಬಸ್ಸು ತುಂಬಿದ್ದರೆ ಅವರ ಸ್ಟಾಪಿನಲ್ಲಿ ನಿಲ್ಲಿಸುತ್ತಿರಲಿಲ್ಲ. ಮುಂದಿನ ಬಸ್ಸು ಹಿಡಿದು ಬರುವಷ್ಟರಲ್ಲಿ ಮೊದಲ ಪೀರಿಯಡ್ ಅರ್ಧ ಮುಗಿದಿರುತ್ತಿತ್ತು. ನಾವು ಮೊದಲ ವರ್ಷದಲ್ಲಿದ್ದಾಗ ಇದು ಸಮಸ್ಯೆಯೇ ಆಗಿರಲಿಲ್ಲ. 'ಬಸ್ ನಿಲ್ಲಿಸ್ಲಿಲ್ವೇನಮ್ಮ? ಹೋಗು, ಕೂತ್ಕೋ' ಎಂದು ಮೇಡಂ ಹಾಜರಿ ಹಾಕುತ್ತಿದ್ದರು. ಎರಡನೇ ವರ್ಷ ಬೆರಳಚ್ಚಿನ ಯಂತ್ರ ಬಂತು. ಹತ್ತು ನಿಮಿಷ ಕಳೆದರೆ ಗೈರು, ಗೈರಾದರೆ ಪೋಷಕರ ಮೊಬೈಲಿಗೆ ತಾನೇತಾನಾಗಿ ಸಂದೇಶ.

ಅವಳ ಅಪ್ಪನ ಬಳಿ ಇದ್ದದ್ದು ಕೀಪ್ಯಾಡ್ ಫೋನ್, ಮೆಸೇಜ್ ಓದುವ ಅಭ್ಯಾಸವಿಲ್ಲ. ಹಾಗಾಗಿ ಪ್ರವೇಶದ ಅರ್ಜಿಯಲ್ಲಿ ಅಣ್ಣನ ನಂಬರ್ ಕೊಟ್ಟಿದ್ದರು. ಅಣ್ಣ ಬೆಂಗಳೂರಿನ ಗಾರ್ಮೆಂಟ್ಸ್‌ನಲ್ಲಿ ಸೂಪರ್‌ವೈಸರ್. ತಂಗಿ ಕಾಲೇಜಿಗೆ ಬಂದಿಲ್ಲ ಎಂಬ ಸಂದೇಶ ತಿಂಗಳಿಗೆ ನಾಲ್ಕೈದು ಸಲ ಅವನ ಮೊಬೈಲ್‌ಗೆ ಹೋಗತೊಡಗಿತು. ಮೊದಲು ವಿಚಾರಿಸಿದ, ಆಮೇಲೆ ಗದರಿದ, ಆಮೇಲೆ ಮನೆಗೆ ಫೋನ್ ಮಾಡಿ 'ಅವಳು ಎಲ್ಲಿ ತಿರುಗ್ತಾಳೆ ಅಂತ ನಿಮಗೇನಾದ್ರೂ ಗೊತ್ತಾ?' ಎಂದ. ಬಸ್ಸಿನ ಕಥೆ ಹೇಳಿದರೆ ನಂಬುವವರಿಲ್ಲ, ಏಕೆಂದರೆ ಮೆಷಿನ್ ಸುಳ್ಳು ಹೇಳುವುದಿಲ್ಲವಲ್ಲ. ದಸರೆ ರಜೆಗೆ ಹೋದವಳಿಗೆ ಮನೆಯಲ್ಲಿ ಗಂಡು ನೋಡುವ ಮಾತು ಶುರುವಾಗಿತ್ತು. ಕೊನೆಗೆ ಅದೇ ಮೇಡಂ ಒಂದು ಭಾನುವಾರ ಅವರ ಊರಿಗೆ ಹೋಗಿ, ಆ ಬಸ್ಸಿನ ಸ್ಥಿತಿಯನ್ನೂ ಅವಳ ಇಂಟರ್ನಲ್ಸ್ ಅಂಕಗಳನ್ನೂ ಅಪ್ಪನಿಗೆ ವಿವರಿಸಿದ ಮೇಲೆ ಮಾತು ತಣ್ಣಗಾಯಿತು. ಗೆಳತಿ ಡಿಗ್ರಿ ಮುಗಿಸಿ ಈಗ ಬ್ಯಾಂಕಿಂಗ್ ಪರೀಕ್ಷೆಗಳಿಗೆ ಓದುತ್ತಿದ್ದಾಳೆ.

ಇಲ್ಲಿ ಯಂತ್ರ ತಪ್ಪು ಮಾಹಿತಿ ಕೊಡಲಿಲ್ಲ. ಅವಳು ಆ ಹತ್ತು ನಿಮಿಷದಲ್ಲಿ ಬಂದಿರಲಿಲ್ಲ ಎಂಬುದು ನಿಜವೇ. ಆದರೆ ಅದೇ ಮಾಹಿತಿ ಮೇಡಂ ಕೈಯಲ್ಲಿದ್ದಾಗ ಅದರ ಜತೆ ಬಸ್ಸು, ಊರು, ಹುಡುಗಿ ಎಂಥವಳು ಎಂಬುದೂ ಇತ್ತು. ಯಂತ್ರದಿಂದ ಹೊರಟಾಗ ಒಂದೇ ಒಂದು ಪದ ಉಳಿಯಿತು: ಗೈರು. ಹುಡುಗರ ಮನೆಗೂ ಇದೇ ಸಂದೇಶ ಹೋಗುತ್ತಿತ್ತು. ಅವರಿಗೆ ಬೈಗುಳ ಸಿಕ್ಕಿರಬಹುದು, ಯಾರಿಗೂ ಹೆಣ್ಣು ನೋಡಲಿಲ್ಲ. 'ತಪ್ಪು ಮಾಡದವರಿಗೆ ಭಯ ಏಕೆ?' ಎಂದು ಕ್ಯಾಮೆರಾ ವಿಚಾರ ಬಂದಾಗಲೆಲ್ಲ ಕೇಳುವವರು ಈ ಲೆಕ್ಕವನ್ನು ಹಾಕುವುದೇ ಇಲ್ಲ.

ಮಾಡದ ತಪ್ಪಿಗೂ ಸಿಕ್ಕಿಬೀಳಬಹುದು ಎನ್ನಲು ಅಮೆರಿಕದ ಒಂದು ಪ್ರಕರಣವಿದೆ. ಪೆನ್ಸಿಲ್ವೇನಿಯಾದ ಲೋವರ್ ಮೆರಿಯನ್ ಎಂಬಲ್ಲಿನ ಶಾಲಾ ಆಡಳಿತ ತನ್ನ ಪ್ರೌಢಶಾಲೆಗಳ ಪ್ರತಿ ವಿದ್ಯಾರ್ಥಿಗೂ ಲ್ಯಾಪ್‌ಟಾಪ್ ಕೊಟ್ಟಿತ್ತು. ಕಳುವಾದರೆ ಹುಡುಕಲು ಒಳಗೊಂದು ತಂತ್ರಾಂಶ. ಅದನ್ನು ಚಾಲೂ ಮಾಡಿದರೆ ಕೆಲವು ನಿಮಿಷಕ್ಕೊಮ್ಮೆ ವೆಬ್‌ಕ್ಯಾಮ್ ತಾನೇ ಫೋಟೊ ತೆಗೆದು ಶಾಲೆಗೆ ಕಳಿಸುತ್ತಿತ್ತು. ಇದನ್ನು ಮಕ್ಕಳಿಗೂ ಹೇಳಿರಲಿಲ್ಲ, ಮನೆಯವರಿಗೂ ಹೇಳಿರಲಿಲ್ಲ. 2009ರ ನವೆಂಬರ್‌ನಲ್ಲಿ ಹುಡುಗನೊಬ್ಬನನ್ನು ಸಹಾಯಕ ಪ್ರಾಂಶುಪಾಲರು ಕರೆದು, ನೀನು ಮನೆಯಲ್ಲಿ ಮಾತ್ರೆ ಹಿಡಿದುಕೊಂಡಿದ್ದೀಯ ಎಂದು ಫೋಟೊ ಇಟ್ಟುಕೊಂಡು ಪ್ರಶ್ನಿಸಿದರು. ಅದು ಕ್ಯಾಂಡಿ ಎಂದು ಹುಡುಗ ಹೇಳಿದ. ಅವನ ಲ್ಯಾಪ್‌ಟಾಪ್ ಕಳುವಾಗಿರಲಿಲ್ಲ. ವಿಮೆಯ ಶುಲ್ಕ ಕಟ್ಟದೆ ಮನೆಗೆ ಒಯ್ದಿದ್ದ, ಅಷ್ಟೇ. ಮನೆಯವರು 2010ರ ಫೆಬ್ರುವರಿಯಲ್ಲಿ ಮೊಕದ್ದಮೆ ಹೂಡಿದರು. ತನಿಖೆ ನಡೆದಾಗ ಇಂಥ 50 ಸಾವಿರಕ್ಕೂ ಹೆಚ್ಚು ಚಿತ್ರಗಳು ಸಿಕ್ಕವು. ನಿದ್ದೆ ಮಾಡುತ್ತಿದ್ದಾಗಿನ ಚಿತ್ರವೂ ಅದರಲ್ಲಿತ್ತು. ಅದೇ ವರ್ಷ ಅಕ್ಟೋಬರ್‌ನಲ್ಲಿ ಆಡಳಿತ 6 ಲಕ್ಷ 10 ಸಾವಿರ ಡಾಲರ್ ಕೊಟ್ಟು ರಾಜಿ ಮಾಡಿಕೊಂಡಿತು. ಕ್ಯಾಮೆರಾ ಪಕ್ಕದ ಹಸಿರು ದೀಪ ಆಗಾಗ ಮಿನುಗುವುದನ್ನು ಕೆಲವು ಮಕ್ಕಳು ಮೊದಲೇ ಗಮನಿಸಿ ಕೇಳಿದ್ದರಂತೆ. ಏನೋ ತಾಂತ್ರಿಕ ದೋಷ ಎಂದು ಹೇಳಿ ಕಳಿಸಿದ್ದರು.

ಹಾಗಾದರೆ ಎಲ್ಲ ಕ್ಯಾಮೆರಾವೂ ಕೆಟ್ಟದ್ದೇ? ನನಗೆ ಹಾಗನ್ನಿಸಿಲ್ಲ. 2024ರ ಎಸ್‌ಎಸ್‌ಎಲ್‌ಸಿ ಪರೀಕ್ಷೆ ನೆನಪಿರಬಹುದು. ಮೊದಲ ಬಾರಿಗೆ ಪರೀಕ್ಷಾ ಕೊಠಡಿಗಳ ಸಿಸಿಟಿವಿ ದೃಶ್ಯವನ್ನು ವೆಬ್‌ಕಾಸ್ಟಿಂಗ್ ಮೂಲಕ ಅಧಿಕಾರಿಗಳು ಕುಳಿತಲ್ಲೇ ನೋಡಿದರು. ಹಿಂದಿನ ವರ್ಷ ಶೇ 83.89 ಇದ್ದ ಫಲಿತಾಂಶ, ಕೃಪಾಂಕ ಹೆಚ್ಚಿಸಿದ ಮೇಲೂ ಶೇ 73.40ಕ್ಕೆ ಇಳಿಯಿತು. ಕಾಪಿ ಎಷ್ಟು ಸಹಜವಾಗಿ ನಡೆಯುತ್ತಿತ್ತು ಎಂಬುದನ್ನು ಆ ಅಂಕಿ ತೋರಿಸಿತು. ಓದಿ ಬರೆದವರಿಗೆ ಅದರಿಂದ ನ್ಯಾಯವೇ ಸಿಕ್ಕಿತು. ಆ ಕ್ಯಾಮೆರಾ ಇದ್ದದ್ದು ಮೂರು ಗಂಟೆ, ಒಂದು ಕೊಠಡಿ, ಒಂದು ಉದ್ದೇಶಕ್ಕೆ. ಇರುವುದು ಎಲ್ಲರಿಗೂ ಗೊತ್ತಿತ್ತು. ಕೊಠಡಿ ಮೇಲ್ವಿಚಾರಕರ ಮೇಲೂ ಅದರ ಕಣ್ಣಿತ್ತು. ಅದೇ ಕ್ಯಾಮೆರಾ ಪರೀಕ್ಷೆ ಮುಗಿದ ಮೇಲೂ ವರ್ಷವಿಡೀ ಉರಿಯುತ್ತಿದ್ದರೆ, ಯಾರು ಯಾರ ಜತೆ ಕೂತು ಮಾತಾಡಿದರು ಎಂದು ನೋಡಲು ಬಳಕೆಯಾದರೆ ಅದು ಬೇರೆ ವಸ್ತು. ತಂತಿ ಅದೇ ಇರಬಹುದು.

ಕೆಲಸ ಹುಡುಕುತ್ತಿರುವವರಿಗೆ ಈ ಕಣ್ಣು ಈಗ ಮನೆಯೊಳಗೂ ಬಂದಿದೆ. ಕ್ಯಾಂಪಸ್ ಆಯ್ಕೆಯ ಮೊದಲ ಸುತ್ತು ಸಾಮಾನ್ಯವಾಗಿ ಆನ್‌ಲೈನ್ ಆಪ್ಟಿಟ್ಯೂಡ್ ಟೆಸ್ಟ್. ಕ್ಯಾಮೆರಾ ಆನ್, ಮೈಕ್ ಆನ್, ಕೋಣೆಯ ನಾಲ್ಕೂ ಮೂಲೆ ತೋರಿಸಿ, ಕಣ್ಣು ಅತ್ತಿತ್ತ ಹೋದರೆ ಎಚ್ಚರಿಕೆ, ಮೂರು ಎಚ್ಚರಿಕೆಯಾದರೆ ಟೆಸ್ಟ್ ಬಂದ್. ಸ್ವಂತ ಕೋಣೆ ಇರುವವರನ್ನು ಮನಸ್ಸಿನಲ್ಲಿಟ್ಟು ಮಾಡಿದ ವ್ಯವಸ್ಥೆ ಇದು. ಒಂದೇ ಕೋಣೆಯಲ್ಲಿ ಅಜ್ಜಿ ಮಲಗಿ, ತಮ್ಮ ಟಿ.ವಿ. ನೋಡಿ, ಅಮ್ಮ ಕುಕ್ಕರ್ ಕೂಗಿಸುವ ಮನೆಯಲ್ಲಿ ಆ ಒಂದು ಗಂಟೆ ಯುದ್ಧವೇ. ಟೆಸ್ಟ್ ನಡೆಸುವ ಅಪರಿಚಿತರಿಗೆ ನಮ್ಮ ಮನೆಯ ಗೋಡೆ, ಹಾಸಿಗೆ, ಒಣಗಿಹಾಕಿದ ಬಟ್ಟೆ ಕಾಣುತ್ತದೆ ಎಂಬ ಮುಜುಗರವನ್ನು ನನ್ನ ಜತೆಯ ಹಲವರು ಹೇಳಿಕೊಂಡಿದ್ದಾರೆ. ಅಮೆರಿಕದ ಕ್ಲೀವ್‌ಲ್ಯಾಂಡ್ ಸ್ಟೇಟ್ ಯೂನಿವರ್ಸಿಟಿಯ ವಿದ್ಯಾರ್ಥಿಯೊಬ್ಬ ಇದನ್ನು ಕೋರ್ಟಿಗೆ ಒಯ್ದ. ರಸಾಯನ ವಿಜ್ಞಾನದ ಆನ್‌ಲೈನ್ ಪರೀಕ್ಷೆಗೆ ಮುನ್ನ ಮಲಗುವ ಕೋಣೆಯನ್ನು ವೆಬ್‌ಕ್ಯಾಮ್‌ನಲ್ಲಿ ತೋರಿಸಲು ಹೇಳಿದ್ದರು. ತೋರಿಸಲು ತಗುಲಿದ್ದು ಒಂದು ನಿಮಿಷವೂ ಅಲ್ಲ. ಆದರೂ ಅದು ಮನೆಯ ಅಕ್ರಮ ಶೋಧಕ್ಕೆ ಸಮ ಎಂದು ಫೆಡರಲ್ ನ್ಯಾಯಾಲಯ 2022ರ ಆಗಸ್ಟ್‌ನಲ್ಲಿ ತೀರ್ಪು ಕೊಟ್ಟಿತು.

ನೇಮಕಾತಿ ಪರೀಕ್ಷೆಗೆ ಹೋದವರಿಗೆ ತಪಾಸಣೆ ಹೊಸದಲ್ಲ. ತುಂಬು ತೋಳಿನ ಅಂಗಿ ಬೇಡ, ಶೂ ಬೇಡ, ಒಡವೆ ಬಿಚ್ಚಿ. ಅಭ್ಯರ್ಥಿಗಳಲ್ಲಿ ಕೆಲವರು ಬ್ಲೂಟೂತ್ ಇಟ್ಟುಕೊಂಡು ಬಂದು ಈ ಗತಿ ತಂದರು, ಒಪ್ಪೋಣ. ಆದರೆ 545 ಪಿಎಸ್‌ಐ ಹುದ್ದೆಗಳಿಗೆ 2021ರ ಅಕ್ಟೋಬರ್‌ನಲ್ಲಿ ನಡೆದ ಪರೀಕ್ಷೆಯ ಕಥೆ ಏನಾಯಿತು? ಒಎಂಆರ್ ಹಾಳೆಗಳನ್ನೇ ತಿದ್ದಿದ ಆರೋಪ ಬಂತು, 2022ರ ಏಪ್ರಿಲ್‌ನಲ್ಲಿ ಪರೀಕ್ಷೆಯೇ ರದ್ದಾಯಿತು, ನೇಮಕಾತಿ ವಿಭಾಗದ ಮುಖ್ಯಸ್ಥರಾಗಿದ್ದ ಹಿರಿಯ ಪೊಲೀಸ್ ಅಧಿಕಾರಿಯನ್ನೇ ಸಿಐಡಿ ಬಂಧಿಸಿತು. ಬಾಗಿಲಲ್ಲಿ ನಮ್ಮ ತೋಳು ತಡವಿ ನೋಡಿದವರಿಗಿಂತ ಒಳಗಿನ ಬೀರುವಿನ ಕೀಲಿ ಇದ್ದವರ ಮೇಲೆ ಕಣ್ಣಿಡಬೇಕಿತ್ತು. ಪ್ರಾಮಾಣಿಕವಾಗಿ ಬರೆದವರು ಮತ್ತೆ ಪರೀಕ್ಷೆ ಬರೆಯಬೇಕಾಯಿತು, ಕೆಲವರಿಗೆ ಅಷ್ಟರಲ್ಲಿ ವಯಸ್ಸು ಮೀರುವ ಆತಂಕ.

ಕೆಎಎಸ್, ಎಫ್‌ಡಿಎ ಓದುವವರಿಗೆ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಎಂಬ ಹೆಸರು ಬಾಯಿಪಾಠ: 2017ರ ಆಗಸ್ಟ್ 24, ಒಂಬತ್ತು ನ್ಯಾಯಮೂರ್ತಿಗಳ ಪೀಠ, 21ನೇ ವಿಧಿ, ಖಾಸಗಿತನ ಮೂಲಭೂತ ಹಕ್ಕು. ಅವರು ನಮ್ಮದೇ ಹೈಕೋರ್ಟ್‌ನ ನಿವೃತ್ತ ನ್ಯಾಯಮೂರ್ತಿ ಎಂಬುದು, ಆಧಾರ್ ಪ್ರಶ್ನಿಸಿ 2012ರಲ್ಲಿ ಅರ್ಜಿ ಹಾಕಿದಾಗ ಅವರಿಗೆ 86 ವರ್ಷ ಎಂಬುದು ಗೈಡ್‌ಗಳಲ್ಲಿ ಇರುವುದಿಲ್ಲ. ಅದೇ ಪ್ರಕರಣದಲ್ಲಿ 2018ರ ಸೆಪ್ಟೆಂಬರ್ 26ರಂದು ಬಂದ ಆಧಾರ್ ತೀರ್ಪು ವಿದ್ಯಾರ್ಥಿಗಳಿಗೆ ಇನ್ನೂ ಹತ್ತಿರದ್ದು. ಶಾಲಾ ಪ್ರವೇಶಕ್ಕೆ ಆಧಾರ್ ಕಡ್ಡಾಯ ಮಾಡುವಂತಿಲ್ಲ, ಸಿಬಿಎಸ್‌ಇ, ನೀಟ್, ಯುಜಿಸಿ ಕೂಡ ಕಡ್ಡಾಯ ಮಾಡುವಂತಿಲ್ಲ ಎಂದು ಅದರಲ್ಲಿ ಸ್ಪಷ್ಟವಾಗಿದೆ. ಆ ತೀರ್ಪಿನ ನಂತರ ಪ್ರವೇಶ ಪಡೆದ ನೀವು, ಆಧಾರ್ ಜೆರಾಕ್ಸ್ ಕೊಡದೆ ಎಲ್ಲಾದರೂ ಸೇರಿಕೊಂಡಿದ್ದೀರಾ?

ಈಗ ಹೊಸ ಕಾನೂನು ಇದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆ. ಒಪ್ಪಿಗೆ ಎಂದರೆ ಅದು ಮುಕ್ತವಾಗಿರಬೇಕು, ಷರತ್ತಿಲ್ಲದ್ದಾಗಿರಬೇಕು, ಯಾವುದಕ್ಕೆ ಎಂಬುದು ನಿರ್ದಿಷ್ಟವಾಗಿರಬೇಕು ಎಂದು ಅದು ಹೇಳುತ್ತದೆ. ಹದಿನೆಂಟು ವರ್ಷದೊಳಗಿನವರ ಮೇಲೆ ನಿಗಾ ಇಡುವುದನ್ನು, ಅವರ ವರ್ತನೆಯನ್ನು ಜಾಡು ಹಿಡಿಯುವುದನ್ನು ನಿಷೇಧಿಸುತ್ತದೆ. ಓದುತ್ತಾ ಸಂತೋಷವಾಗುತ್ತದೆ. ಆಮೇಲೆ 2025ರ ನವೆಂಬರ್‌ನಲ್ಲಿ ಬಂದ ನಿಯಮಗಳ ಅನುಸೂಚಿ ನೋಡಿದರೆ, ಶೈಕ್ಷಣಿಕ ಚಟುವಟಿಕೆಗೆ ಅಥವಾ ಮಕ್ಕಳ ಸುರಕ್ಷತೆಗೆ ಎಂದಾದರೆ ಶಿಕ್ಷಣ ಸಂಸ್ಥೆಗಳಿಗೆ ಈ ನಿಷೇಧದಿಂದ ವಿನಾಯಿತಿ. ಸುರಕ್ಷತೆ ಎಂಬ ಪದದೊಳಗೆ ಏನನ್ನು ತುರುಕಲಾಗದು, ಹೇಳಿ. ಕಾಯ್ದೆಯ ಮುಖ್ಯ ಭಾಗಗಳು ಜಾರಿಗೆ ಬರಲು ನಿಯಮ ಬಂದಾಗಿನಿಂದ 18 ತಿಂಗಳ ಕಾಲಾವಕಾಶ ಇದೆ. ಅಂದರೆ 2027ರ ಮೇ. ಆ ಹೊತ್ತಿಗೆ ನಮ್ಮ ಬ್ಯಾಚ್ ಕಾಲೇಜು ಬಿಟ್ಟಿರುತ್ತದೆ.

ನಾವು ಬಿಟ್ಟ ಮೇಲೆ ನಮ್ಮ ಬೆರಳಚ್ಚು ಏನಾಗುತ್ತದೆ ಎಂದು ಕಳೆದ ತಿಂಗಳು ಆಫೀಸಿನಲ್ಲಿ ಕೇಳಿದೆ. 'ಅದು ಮೆಷಿನ್ ಹಾಕಿದೋರ ಹತ್ರ ಇರುತ್ತಮ್ಮ' ಎಂದರು ಗುಮಾಸ್ತರು. ಅವರು ಬೈಯಲಿಲ್ಲ, ನಗಲೂ ಇಲ್ಲ. ಇದುವರೆಗೆ ಯಾರೂ ಕೇಳಿರಲಿಲ್ಲ ಎಂದು ಮಾತ್ರ ಹೇಳಿದರು.

ಕೇಳುವುದಕ್ಕೆ ದಾರಿ ಇದೆ. ನಿಮ್ಮದು ಸರ್ಕಾರಿ ಕಾಲೇಜಾದರೆ ಹತ್ತು ರೂಪಾಯಿ ಶುಲ್ಕದ ಮಾಹಿತಿ ಹಕ್ಕು ಅರ್ಜಿ ಸಾಕು, ಮೂವತ್ತು ದಿನದಲ್ಲಿ ಉತ್ತರ ಕೊಡಬೇಕು. ಕ್ಯಾಮೆರಾ ಅಥವಾ ಬೆರಳಚ್ಚು ಯಂತ್ರ ಹಾಕಿದವರ ಜತೆ ಆದ ಒಪ್ಪಂದದ ಪ್ರತಿ ಕೇಳಿ. ದೃಶ್ಯಗಳನ್ನು ಎಷ್ಟು ದಿನ ಇಟ್ಟುಕೊಳ್ಳುತ್ತಾರೆ, ಯಾರಿಗೆ ನೋಡುವ ಅಧಿಕಾರ, ಟಿ.ಸಿ. ತೆಗೆದುಕೊಂಡವರ ವಿವರ ಅಳಿಸುವ ಆದೇಶ ಇದೆಯೇ ಎಂದು ಕೇಳಿ. ಖಾಸಗಿ ಕಾಲೇಜಾದರೆ ಪ್ರಾಂಶುಪಾಲರಿಗೆ ಇದೇ ಪ್ರಶ್ನೆಗಳ ಪತ್ರ ಬರೆಯಬಹುದು. ಒಬ್ಬರೇ ಸಹಿ ಹಾಕಿದರೆ ಇಂಟರ್ನಲ್ಸ್ ಅಂಕದ ಭಯ ಇದ್ದೇ ಇರುತ್ತದೆ, ಅದಕ್ಕೇ ನಾವು ತರಗತಿಯ ಮೂವತ್ತೊಂದು ಜನ ಸೇರಿ ಬರೆದಿದ್ದೇವೆ. ಪತ್ರ ತಲುಪಿದ್ದಕ್ಕೆ ಆಫೀಸಿನ ಮೊಹರು ಬಿದ್ದಿದೆ. ಉತ್ತರ ಇನ್ನೂ ಬಂದಿಲ್ಲ.